ಒಡ್ಡಿನಾಚೆ ಒಗೆದ 120 ಗ್ರಾಂ

ಬಿಟಿ ಹತ್ತಿಯ ಪಾಕೀಟಿನ ಜೊತೆಗೆ ಇನ್ನೊಂದು ಮರಿ ಪಾಕೀಟು ಬರುತ್ತಿತ್ತು. ದೊಡ್ಡದು 450 ಗ್ರಾಂ, ಸಣ್ಣದು 120 ಗ್ರಾಂ. ರೋಣ ತಾಲೂಕಿನ ನಮ್ಮ ಕಡೆ ಆ ಸಣ್ಣದನ್ನು ಬಿತ್ತಿದವರನ್ನು ನಾನು ಕಂಡಿಲ್ಲ. ನಾನಂತೂ ಬಿತ್ತಲಿಲ್ಲ. 2006ರ ಮುಂಗಾರಿನಲ್ಲಿ ಗೊಬ್ಬರದ ಅಂಗಡಿಯವನನ್ನು ಕೇಳಿದ್ದೆ, "ಇದೇನ್ರೀ ಇದು, ಕೊಸರಿಗೆ ಕೊಟ್ಟೀರೇನು?" ಅವನು ರಶೀದಿ ಪುಸ್ತಕದಿಂದ ತಲೆ ಎತ್ತದೆ, "ನಾನ್ ಬಿಟಿ ಐತ್ರಿ ಅಣ್ಣಾರ, ಅದರಾಗೇನಿಲ್ಲ. ಒಗೀರಿ ಅತ್ಲಾಗ" ಅಂದ. ಒಗೆದೆ. ಒಡ್ಡಿನಾಚೆಯ ಜಾಲಿಕಂಟಿಯಲ್ಲಿ ಬಿತ್ತು. ಮುಂದಿನ ಯುಗಾದಿಗೆ ನೋಡಿದಾಗ ಪ್ಲಾಸ್ಟಿಕ್ಕಷ್ಟೇ ಗಾಳಿಗೆ ಪಟಪಟ ಅನ್ನುತ್ತಿತ್ತು.

ಅಂದು ಒಗೆದದ್ದು ಏನೆಂದು ನನಗೆ ತಿಳಿಯಲು ಹತ್ತು ವರ್ಷ ಹಿಡಿಯಿತು. ಬೀಜ ಮಾರಿದವರಿಗೆ ಅದು ಮೊದಲ ದಿನವೇ ಗೊತ್ತಿತ್ತು. ಒಪ್ಪಿಗೆಯ ಮುದ್ರೆ ಒತ್ತಿದ ದಿಲ್ಲಿಯ ಸಾಹೇಬರಿಗೆ ಗೊತ್ತಿತ್ತು, ಯಾಕೆಂದರೆ ಆ ಷರತ್ತು ಹಾಕಿದವರೇ ಅವರು: ಬಿಟಿ ಹೊಲದ ಸುತ್ತ ಕನಿಷ್ಠ ಐದು ಸಾಲು, ಇಲ್ಲವೇ ಹೊಲದ ನೂರಕ್ಕೆ 20 ಪಾಲು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಜಾಗದಲ್ಲಿ ಬಿಟಿ ಅಲ್ಲದ ಹತ್ತಿ ಇರಬೇಕು. ಕಾರಣ ಸರಳ. ಬಿಟಿ ಗಿಡ ತಿಂದ ಕಾಯಿಕೊರಕ ಹುಳ ಸಾಯುತ್ತದೆ. ಕೋಟಿಗೊಂದು ಹುಳ ಆ ವಿಷ ತಡೆದುಕೊಂಡು ಬದುಕುತ್ತದೆ. ಅದಕ್ಕೆ ಜೋಡಿಯಾಗಲು ಪಕ್ಕದ ಸಾಲಿನಲ್ಲಿ ವಿಷ ತಿನ್ನದೆ ಬೆಳೆದ ಸಾದಾ ಪತಂಗಗಳು ಬೇಕಾದಷ್ಟು ಇದ್ದರೆ, ಹುಟ್ಟುವ ಮರಿಗಳಿಗೆ ಆ ತಡೆಯುವ ಶಕ್ತಿ ಪೂರ್ತಿ ಬರುವುದಿಲ್ಲ. ಅವು ಮತ್ತೆ ಬಿಟಿ ಗಿಡಕ್ಕೆ ಬಿದ್ದರೆ ಸಾಯುತ್ತವೆ. ಸಾದಾ ಪತಂಗ ಸಿಗದಿದ್ದರೆ ಬದುಕಿದ್ದು ಬದುಕಿದ್ದನ್ನೇ ಕೂಡುತ್ತದೆ. ಆಮೇಲೆ ಹೊಲದ ತುಂಬ ವಿಷಕ್ಕೆ ಅಂಜದ ಸಂತಾನ.

ಅಂದರೆ ಆ 120 ಗ್ರಾಂ ಹುಳದ ಪಾಲು. ಇದನ್ನು ಎರಿ ಸೀಮೆಯ ರೈತನಿಗೆ ತಿಳಿಸಿ ಹೇಳುವುದು ಅಷ್ಟು ಕಷ್ಟವಿತ್ತೇ? ನಾವು ಶೀಗಿ ಹುಣ್ಣಿಮೆಗೆ ಚರಗ ಚೆಲ್ಲುವ ಜನ. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಪೂಜೆ ಮಾಡಿ, ಸಜ್ಜಿರೊಟ್ಟಿ, ಪುಂಡಿಪಲ್ಯ, ಕಡುಬು, ಎಣ್ಣಿಗಾಯಿ ಕಲಸಿ ಹೊಲದ ನಾಕೂ ಮೂಲೆಗೆ ಚೆಲ್ಲಿ, ಹಕ್ಕಿಗೆ ಇರುವೆಗೆ ಹುಳಕ್ಕೆ ಉಣ್ಣಿಸಿ ಆಮೇಲೆ ನಾವು ಉಣ್ಣುವವರು. "ಯಪ್ಪಾ, ಹುಳಕ್ಕೊಂದು ಚರಗ ಬಿಡ್ರಿ, ಐದು ಸಾಲು ಬಿಡ್ರಿ, ಇಲ್ಲಾಂದ್ರ ಅದು ನಿಮ್ಮ ಹೊಲಾನೇ ಉಣ್ತೈತಿ" ಅಂತ ಒಬ್ಬ ಕೃಷಿ ಸಹಾಯಕ ಒಂದು ಕಟ್ಟೆಯ ಮೇಲೆ ಕೂತು ಹೇಳಿದ್ದರೆ ನಮ್ಮವ್ವನೇ ಮೊದಲು ಬಿತ್ತುತ್ತಿದ್ದಳು. ಯಾರೂ ಬರಲಿಲ್ಲ. ಪಾಕೀಟಿನೊಳಗೆ ಮಡಚಿದ ಕಾಗದವೊಂದಿತ್ತು, ಸಾಸಿವೆ ಕಾಳಿನಷ್ಟು ಅಕ್ಷರ. ಅದೇ ನಮಗೆ ಸಿಕ್ಕ ಕೃಷಿ ವಿಸ್ತರಣೆ.

ಈಗ ಗುಲಾಬಿ ಕಾಯಿಕೊರಕ ಹೊಕ್ಕ ಹತ್ತಿಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ. ಹೊರಗಿನಿಂದ ಹಸಿರಾಗಿ ತುಂಬಿಕೊಂಡಿದೆ, ಒಂದು ಕಲೆ ಇಲ್ಲ. ಕೂದಲೆಳೆಯಷ್ಟಿರುವಾಗಲೇ ಹುಳ ಎಳೆಗಾಯಿ ಹೊಕ್ಕುಬಿಡುತ್ತದೆ, ಹೊಕ್ಕ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೀಟನಾಶಕದ ಎಣ್ಣೆ ಹೊಡೆದರೆ ಒಳಗಿದ್ದದ್ದಕ್ಕೆ ಮುಟ್ಟುವುದಿಲ್ಲ. ಹೆಬ್ಬೆರಳಿನಿಂದ ಸೀಳಿದರೆ ಒಂದು ತೊಳೆ ಬೆಳ್ಳಗೆ, ಪಕ್ಕದ್ದು ಕಂದುಗಟ್ಟಿ ಗೋಂದಿನಂತೆ ಅಂಟಿಕೊಂಡಿದೆ. ಅರಳೆ ಬಿಡಿಸಿದರೆ ಎರಡು ಬೀಜ ಒಂದಕ್ಕೊಂದು ಹೊಲಿದಂತೆ ಕೂಡಿವೆ. ಒಡೆದರೆ ಎರಡರ ನಡುವೆ ಗೂಡು ಮಾಡಿಕೊಂಡು, ಮಲಗಿದ ಕೂಸಿನಂತೆ ಸುತ್ತಿಕೊಂಡ ಗುಲಾಬಿ ಹುಳ. ಬೇಸಿಗೆ ಅದಕ್ಕೆ ಏನೂ ಮಾಡುವುದಿಲ್ಲ. ನಿದ್ದೆ. ಮಳೆ ಬಂದು ಹೊಸ ಹತ್ತಿ ಮೊಗ್ಗು ಬಿಡುವ ಹೊತ್ತಿಗೆ ಏಳುತ್ತದೆ.

ನಾನು ಜೀನು ಅಂದರೆ ಜಿನ್ನು, ಭೂತ ಅನ್ನುವವನಲ್ಲ. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ಬಿಟಿ ವಿರುದ್ಧ ಬಾಯಿ ತೆರೆದ ಕೂಡಲೇ "ಇವರು ವಿಜ್ಞಾನದ ವಿರೋಧಿಗಳು" ಅನ್ನುವ ಹಾಡು ಶುರುವಾಗುತ್ತದೆ. ಮಣ್ಣಿನಲ್ಲೇ ಇರುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಜೀವಿಯ ಒಂದು ಗುಣವನ್ನು ತೆಗೆದು ಹತ್ತಿಯಲ್ಲಿ ಕೂಡಿಸಿದರು. ಆ ಪ್ರೋಟೀನು ಕಾಯಿಕೊರಕದ ಕ್ಷಾರದ ಹೊಟ್ಟೆಯಲ್ಲಿ ಬಿಚ್ಚಿಕೊಂಡು ಕರುಳು ತೂತು ಮಾಡುತ್ತದೆ. ನಮ್ಮದು ಆಮ್ಲದ ಹೊಟ್ಟೆ, ಅದು ಹಿಡಿದುಕೊಳ್ಳುವ ಕೊಂಡಿಯೂ ನಮ್ಮ ಕರುಳಿನಲ್ಲಿಲ್ಲ. ಜಾಣ ಕೆಲಸ. ತೊಂಬತ್ತರ ದಶಕದ ಕೊನೆಯಲ್ಲಿ ಹಸಿರು ಕಾಯಿಕೊರಕಕ್ಕೆ ಪಂಪು ಬೆನ್ನಿಗೇರಿಸಿ ವಾರಕ್ಕೊಮ್ಮೆ ಎಣ್ಣೆ ಹೊಡೆದು, ಸಂಜೆ ವಾಂತಿ ಮಾಡಿಕೊಂಡು ಮಲಗಿದವರ ಪೈಕಿ ನಾನೂ ಒಬ್ಬ. ಬಿಟಿ ಬಂದ ಮೊದಲ ನಾಲ್ಕೈದು ವರ್ಷ ಆ ಪಂಪು ಅಟ್ಟ ಸೇರಿತು. ಅದು ಸುಳ್ಳಲ್ಲ. ದೇಶದಲ್ಲಿ ಹೆಕ್ಟೇರಿಗೆ 300 ಕಿಲೋ ಆಸುಪಾಸಿದ್ದ ಅರಳೆ 2013-14ರಲ್ಲಿ 566 ಕಿಲೋಗೆ ಏರಿತು. ಅದಷ್ಟೂ ಜೀನಿನ ಪವಾಡವೇನಲ್ಲ, ಗೊಬ್ಬರ, ನೀರಾವರಿ, ಹೊಸ ಔಷಧಿಗಳ ಪಾಲು ದೊಡ್ಡದು ಅಂತ ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಕೇಶವ ಕ್ರಾಂತಿ 2020ರಲ್ಲಿ ಲೆಕ್ಕ ಸಮೇತ ಬರೆದರು. ಇರಲಿ. ಪಂಪು ಕೆಳಗಿಳಿದದ್ದಂತೂ ನಿಜ.

ನನ್ನ ಸಿಟ್ಟು ಇರುವುದೇ ಅಲ್ಲಿ. ಕೈಗೆ ಬಂದ ಒಂದು ಒಳ್ಳೆಯ ಕುಡುಗೋಲನ್ನು ಕಲ್ಲಿಗೆ ಬಡಿದು ಬಡಿದು ಮೊಂಡ ಮಾಡಿದರು.

ಅದೇ ಹುಳ, ಅದೇ ಜೀನು, ಅಮೆರಿಕದಲ್ಲಿ ಏನಾಯಿತು ಗೊತ್ತೇ? ಅರಿಜೋನಾದಲ್ಲಿ ರೈತರು ಬಿಟಿ ಹತ್ತಿಯ ಜೊತೆ ಸಾದಾ ಹತ್ತಿಯ ಪಟ್ಟಿಗಳನ್ನು ವರ್ಷಗಟ್ಟಲೆ ಬಿಟ್ಟರು. ಮುಂದೆ ಗೊಡ್ಡು ಮಾಡಿದ ಪತಂಗಗಳನ್ನು ವಿಮಾನದಿಂದ ಕೋಟಿಗಟ್ಟಲೆ ಸುರಿದರು. 2018ರಲ್ಲಿ, ನಮ್ಮ ಹತ್ತಿ ಬಾಣಲೆಯಲ್ಲಿದ್ದ ಹೊತ್ತಿಗೆ, ಅಲ್ಲಿನ ಸರ್ಕಾರ ತನ್ನ ಹತ್ತಿ ಹೊಲಗಳಿಂದ ಗುಲಾಬಿ ಕಾಯಿಕೊರಕ ಸಂಪೂರ್ಣ ಹೋಯಿತು ಎಂದು ಸಾರಿತು. ಇಲ್ಲಿ? 2010ರಲ್ಲೇ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಹುಳ ಮೊದಲ ಜೀನಿಗೆ ಬಗ್ಗುತ್ತಿಲ್ಲವೆಂದು ಆ ಜೀನಿನ ಕಂಪನಿ ಮಾನ್ಸಾಂಟೊ ತಾನೇ ಒಪ್ಪಿಕೊಂಡಿತು. ಪರಿಹಾರವೆಂದು ಎರಡು ಜೀನಿನ ಬೋಲ್‌ಗಾರ್ಡ್-2 ತೋರಿಸಿದರು. ಅದು 2006ರಲ್ಲೇ ಬಂದಿತ್ತು. 2015ರ ಹೊತ್ತಿಗೆ ಅದನ್ನೂ ಹುಳ ತಿಂದು ತೇಗಿತು, ನಮ್ಮ ಕರ್ನಾಟಕದ ಹೊಲಗಳಲ್ಲೂ. ಕಡೆಗೆ ಸರ್ಕಾರ, ರೈತರು ಮರಿ ಪಾಕೀಟು ಬಿತ್ತುತ್ತಿಲ್ಲ ಎಂದು ಕಂಡು, ಸಾದಾ ಬೀಜವನ್ನು ಬಿಟಿ ಬೀಜದೊಳಗೇ ಕಲಸಿ ಒಂದೇ ಚೀಲ ಮಾಡಲು ಒಪ್ಪಿತು. ಕಳ್ಳ ಹೋದ ಮೇಲೆ ಬಾಗಿಲಿಗೆ ಚಿಲಕ.

ಬೇಜವಾಬ್ದಾರಿ ಆ ಮರಿ ಪಾಕೀಟಿನಿಂದ ಶುರುವಾದದ್ದಲ್ಲ. ಹುಟ್ಟಿನಲ್ಲೇ ಇತ್ತು. ಸರ್ಕಾರ ಒಪ್ಪಿಗೆ ಕೊಡುವ ಮೊದಲೇ, 2001ರಲ್ಲಿ, ಗುಜರಾತಿನ ಸಾವಿರಾರು ಎಕರೆಯಲ್ಲಿ ಕದ್ದ ಬಿಟಿ ಬೆಳೆದು ನಿಂತಿತ್ತು. ಸುಡಬೇಕು ಅಂದರು, ಸುಡಲಿಲ್ಲ. 2002ರ ಮಾರ್ಚ್ 26ಕ್ಕೆ ಮಹಿಕೋ-ಮಾನ್ಸಾಂಟೊದ ಮೂರು ಹೈಬ್ರಿಡ್‌ಗಳಿಗೆ ಒಪ್ಪಿಗೆ ಬಂತು. ಹೈಬ್ರಿಡ್ ಅನ್ನುವ ಮಾತನ್ನು ಕಿವಿಗೊಟ್ಟು ಕೇಳಿ. ಚೀನಾ, ಅಮೆರಿಕ, ಆಸ್ಟ್ರೇಲಿಯಾದಲ್ಲಿ ಬಿಟಿ ಹೆಚ್ಚಾಗಿ ತಳಿಗಳಲ್ಲಿ ಬಂತು, ನಮ್ಮಲ್ಲಿ ಹೈಬ್ರಿಡ್‌ನಲ್ಲಿ. ಹೈಬ್ರಿಡ್ ಬೀಜ ಹಿಡಿದಿಟ್ಟು ಬಿತ್ತಿದರೆ ಮರುವರ್ಷ ಗಿಡ ಹತ್ತು ದಾರಿ ಹಿಡಿಯುತ್ತದೆ. ವರ್ಷವರ್ಷ ಅಂಗಡಿಗೆ ನಡೆಯಬೇಕು. ಮೊದಲ ವರ್ಷಗಳಲ್ಲಿ ಪಾಕೀಟಿಗೆ 1600 ರೂಪಾಯಿ, ಅದರಲ್ಲಿ ದೊಡ್ಡ ಪಾಲು ಜೀನಿನ ಬಾಡಿಗೆ. ಆಂಧ್ರ ಸರ್ಕಾರ 2006ರಲ್ಲಿ ಕೇಸು ಹಾಕಿ ಜಗ್ಗಿದ ಮೇಲೆ 750ಕ್ಕೆ ಇಳಿಯಿತು. ಒಂದೇ ಏಟಿಗೆ ಅರ್ಧಕ್ಕಿಂತ ಕೆಳಗೆ ಇಳಿಯುವ ಬೆಲೆಯನ್ನು ಅಲ್ಲಿಯವರೆಗೆ ಏನೆಂದು ಕರೆಯಬೇಕು?

ಹಣದ ಮಾತಷ್ಟೇ ಆಗಿದ್ದರೆ ಕಟ್ಟಿಬಿಡುತ್ತಿದ್ದೆವು, ನಾವು ಕಟ್ಟುತ್ತಲೇ ಬಂದವರು. ಹೈಬ್ರಿಡ್ ಗಿಡ ಆರೇಳು ತಿಂಗಳು ನಿಲ್ಲುತ್ತದೆ. ಕಾಲುವೆ ನೀರಿದ್ದಲ್ಲಿ ಇನ್ನೊಂದು ಬಿಡಿಸುವಿಕೆ ಸಿಗಲಿ ಅಂತ ಫೆಬ್ರುವರಿಯಾಚೆಗೂ ನಿಲ್ಲಿಸುತ್ತೇವೆ. ಗುಲಾಬಿ ಹುಳಕ್ಕೆ ಬೇಕಾದದ್ದೂ ಅದೇ, ಚಳಿಗಾಲದ ಊಟ. ಅದೂ ಸಾಲದೆಂಬಂತೆ ಹೈಬ್ರಿಡ್ ಕಾಯಿಯೊಳಗಿನ ಬೀಜಗಳೆಲ್ಲ ಒಂದೇ ಸಮ ಇರುವುದಿಲ್ಲ. ಒಂದರಲ್ಲಿ ವಿಷ, ಪಕ್ಕದ್ದರಲ್ಲಿ ಇಲ್ಲ. ಹುಳ ಅಷ್ಟಿಷ್ಟು ರುಚಿ ನೋಡುತ್ತ ಪಳಗಿತು. ನಮ್ಮ ಲಿಂಗಣ್ಣ ಕಾಕಾನಿಗೆ ಹೊಗೆಸೊಪ್ಪು ಅಂಟಿಕೊಂಡಂತೆ. ಡಿಸೆಂಬರಿಗೆ ಬೆಳೆ ಮುಗಿಸಿ ಕಟಗಿ ಕಿತ್ತು ಹಾಕಿ ಅಂತ ಈಗ ಹೇಳುತ್ತಾರೆ, ಹೊಲದಲ್ಲಿ ಮೋಹಕ ಬಲೆ ಕಟ್ಟಿ ಅನ್ನುತ್ತಾರೆ. ಸರಿಯಾದ ಮಾತೇ. ಹದಿನೈದು ವರ್ಷ ತಡ.

ಧಾರವಾಡದ ಕಥೆ ಹೇಳದೆ ಬಿಟ್ಟರೆ ಈ ಲೇಖನ ಅರ್ಧ. ಬೀಜ ಹಿಡಿದಿಟ್ಟು ಬಿತ್ತಬಹುದಾದ ಬಿಟಿ ಹತ್ತಿ ಒಂದು ಬಂದಿತ್ತು: ಬಿಕಾನೇರಿ ನರ್ಮಾ ಬಿಟಿ. ಮಾಡಿದವರು ಸರ್ಕಾರದ ವಿಜ್ಞಾನಿಗಳು, ನಾಗಪುರದ ಹತ್ತಿ ಸಂಸ್ಥೆ ಮತ್ತು ನಮ್ಮದೇ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೂಡಿ. 2008ರಲ್ಲಿ ಒಪ್ಪಿಗೆ ಸಿಕ್ಕಿತು, 2009ರಲ್ಲಿ ಹೊಲಕ್ಕಿಳಿಯಿತು, ಅದೇ ವರ್ಷ ಹಿಂದಕ್ಕೆ ಕರೆಸಿಕೊಂಡರು. ತಮ್ಮ ಸ್ವಂತ ಜೀನು ಅಂತ ಹೇಳಿದ ಬೀಜದಲ್ಲಿ ಮಾನ್ಸಾಂಟೊದ ಜೀನು ಬೆರೆತಿತ್ತು. ಇದರ ತನಿಖೆಗೆ ಸೋಪೋರಿ ಸಮಿತಿ ಕೂತಿತು, 2012ರಲ್ಲಿ ವರದಿ ಬಂತು. ಬೆರಕೆ ಹೇಗಾಯಿತು, ಯಾರ ತಟ್ಟೆಯಿಂದ ಯಾರ ತಟ್ಟೆಗೆ ಬಿತ್ತು ಅನ್ನುವ ಜಗಳದ ನಡುವೆ ರೈತನ ಕೈಗೆ ಬರಬೇಕಾಗಿದ್ದ ಅಗ್ಗದ ಬೀಜ ಸತ್ತುಹೋಯಿತು. ನಮ್ಮವ್ವ ಬೀಜದ ಜೋಳದ ತೆನೆಯನ್ನು ಬೇರೆ ಕಟ್ಟಿ, ಬೇರೆ ಬಡಿದು, ಬೂದಿ ಬೆರೆಸಿ ಬೇರೆ ಗಡಿಗೆಯಲ್ಲಿ ಇಡುತ್ತಿದ್ದಳು, ಪಕ್ಕದ ಗಡಿಗೆಯ ಒಂದು ಕಾಳು ಬೀಳದಂತೆ. ಓದು ಬಾರದವಳು. ಡಾಕ್ಟರೇಟು ಪಡೆದವರ ಕೈಯಲ್ಲಿ ಅಷ್ಟು ಎಚ್ಚರ ಇರಲಿಲ್ಲವೇ?

ಈ ಗದ್ದಲದಲ್ಲಿ ಸದ್ದಿಲ್ಲದೆ ಹೋದದ್ದು ಜಯಧರ. ಊರಲ್ಲಿ ಅದಕ್ಕೆ ಜವಾರಿ ಹತ್ತಿ ಅನ್ನುತ್ತೇವೆ. ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದರಿಂದ ಕುಮಟಾ ಹತ್ತಿ ಅಂತ ಹೆಸರಾಗಿದ್ದ ಈ ಸೀಮೆಯ ದೇಸಿ ಹತ್ತಿಯ ಕುಲದ್ದು, ಧಾರವಾಡದಲ್ಲಿ ತಿದ್ದಿದ ತಳಿ, ಸೊರಗು ರೋಗ ತಡೆಯುವಂಥದ್ದು. ರೋಣ, ನರೇಗಲ್ಲ, ಅಬ್ಬಿಗೇರಿಯ ಎರಿ ಹೊಲಗಳಲ್ಲಿ ಮುಂಗಾರಿಗೆ ಉಳ್ಳಾಗಡ್ಡಿ ಚೆಲ್ಲಿ, ಅದರೊಳಗೆ ಮೆಣಸಿನ ಸಸಿ ನೆಟ್ಟು, ಮಗಿ-ಹುಬ್ಬಿ ಮಳೆಯ ಹೊತ್ತಿಗೆ ಸಾಲಿನ ನಡುವೆ ಈ ಹತ್ತಿ ಬಿತ್ತುತ್ತಿದ್ದರು. ಬಿತ್ತುವ ಹಿಂದಿನ ದಿನ ಅಪ್ಪ ಹೊರಸಿನ ಹುರಿಯ ಮೇಲೆ ಹತ್ತಿಕಾಳು ಸುರಿದು, ಸಗಣಿ ನೀರು ಹಾಕಿ ಅಂಗೈಯಿಂದ ತಿಕ್ಕುತ್ತಿದ್ದ. ನವಿರೆಲ್ಲ ಒಳಗೆ ಮಡಚಿಕೊಂಡು ಕಾಳು ಕೂರಿಗೆಯ ಸೆಡ್ಡೆಯಲ್ಲಿ ಸಿಗದೆ ಇಳಿಯಲಿ ಅಂತ. ಮೊದಲು ಉಳ್ಳಾಗಡ್ಡಿ ಕೈಗೆ, ಆಮೇಲೆ ಕೆಂಪು ಮೆಣಸಿನಕಾಯಿ, ಶಿವರಾತ್ರಿ ದಾಟಿದ ಮೇಲೆ ಹತ್ತಿ. ಒಂದು ಹೋದರೆ ಒಂದು. ಎಳೆ ಗಿಡ್ಡ, ಬೆಲೆ ಕಡಿಮೆ, ಇಳುವರಿಯೂ ಕಡಿಮೆ, ಸುಳ್ಳು ಹೇಳುವುದಿಲ್ಲ. ಆದರೆ ಜಿಗಿಹುಳ, ಹೇನು ಅದರ ಹತ್ತಿರ ಸುಳಿಯುತ್ತಿದ್ದದ್ದು ಅಪರೂಪ. ಬೀಜಕ್ಕೆ ಒಂದು ಪೈಸೆ ಇಲ್ಲ. ಬಿಟಿಗೆ ಕಾಯಿಕೊರಕ ಬಿಟ್ಟರೆ ಬೇರೆ ಹುಳ ಬಗ್ಗುವುದಿಲ್ಲ; ರಸ ಹೀರುವ ಹುಳಗಳು ಏರಿದವು, ಕರ್ನಾಟಕದಲ್ಲಿ ಮಿರಿಡ್ ತಿಗಣೆ ಅನ್ನುವ ಹೊಸ ನೆಂಟ ಬಂದ. ಅಟ್ಟ ಸೇರಿದ್ದ ಪಂಪು ಮತ್ತೆ ಬೆನ್ನೇರಿತು. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಬಿಟಿ ಹತ್ತಿಗೆ ಎಣ್ಣೆ ಹೊಡೆಯುತ್ತಲೇ 20ಕ್ಕೂ ಹೆಚ್ಚು ಜನ ಸತ್ತರು.

ಈಗ ಜಯಧರದ ಬೀಜ ಬೇಕು ಅಂದರೆ ಯಾರನ್ನು ಕೇಳಬೇಕು? ನಮ್ಮೂರಲ್ಲಿ ನಾನು ಕೇಳಿದ ಐದು ಮನೆಗಳಲ್ಲಿ ನಗುವೇ ಉತ್ತರ.

ನರಗುಂದದವರಿಗೆ ಹೊಸ ಹತ್ತಿ ಬೀಜದ ಈ ಕಥೆಯೆಲ್ಲ ಎರಡನೇ ಸಲ. 1972ರಲ್ಲಿ ಧಾರವಾಡದಲ್ಲಿ ಹತ್ತಿ ವಿಜ್ಞಾನಿ ಕಟರಕಿಯವರು ವರಲಕ್ಷ್ಮಿ ಹೈಬ್ರಿಡ್ ಹೊರತಂದರು. ಉದ್ದ ಎಳೆಯ, ಹೊಳೆಯುವ ಹತ್ತಿ. ಮಲಪ್ರಭಾ ಕಾಲುವೆ ಬಂತು, ನೀರಿಗೆ ವರಲಕ್ಷ್ಮಿಯೇ ಬೆಳೆ ಅಂದರು. ಸಾಲ ಮಾಡಿ ಬೆಳೆದರು, ಬೆಲೆ ನೆಲ ಕಚ್ಚಿತು, ಮೇಲಿಂದ ಅಭಿವೃದ್ಧಿ ಕರ ಕಟ್ಟಿರೆಂದು ನೋಟೀಸು. 1980ರ ಜುಲೈ 21ರಂದು ನರಗುಂದ-ನವಲಗುಂದದಲ್ಲಿ ಜನ ಬೀದಿಗಿಳಿದರು, ಗುಂಡು ಹಾರಿತು. ಈರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಸತ್ತರು. ರಾಜ್ಯ ರೈತ ಸಂಘ ಹುಟ್ಟಿದ್ದು ಆ ಕಿಚ್ಚಿನಿಂದ. ಅದೇ ಸಂಘದವರು 1998ರ ನವೆಂಬರಿನಲ್ಲಿ ನಂಜುಂಡಸ್ವಾಮಿಯವರ ಮುಂದಾಳತ್ವದಲ್ಲಿ ರಾಯಚೂರು, ಬಳ್ಳಾರಿ ಸೀಮೆಯ ಬಿಟಿ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟರು. ಅದು ಬೀಜವನ್ನೇ ಗೊಡ್ಡು ಮಾಡುವ ಟರ್ಮಿನೇಟರ್ ಅಂತ ಅಂದು ಹಲವರು ನಂಬಿದ್ದರು. ಅದು ತಪ್ಪು; ಆ ಹತ್ತಿಯಲ್ಲಿ ಟರ್ಮಿನೇಟರ್ ಇರಲಿಲ್ಲ. ಆದರೆ ಅವರು ಕೇಳಿದ ಇನ್ನೊಂದು ಪ್ರಶ್ನೆ, ತನ್ನ ಹೊಲದಲ್ಲಿ ಏನು ಬಿತ್ತಿದ್ದಾರೆಂದು ರೈತನಿಗೆ ಹೇಳಿದ್ದೀರಾ ಅನ್ನುವುದು, ಇಂದಿಗೂ ಉತ್ತರವಿಲ್ಲದೆ ನಿಂತಿದೆ. ನನ್ನ ಮರಿ ಪಾಕೀಟೇ ಸಾಕ್ಷಿ.

ತಿನ್ನುವುದರ ಕಥೆಯೂ ಹಾಗೇ. "ಹತ್ತಿ ತಾನೇ, ತಿನ್ನೋದಲ್ಲವಲ್ಲ" ಅನ್ನುವವರು ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರು ನಿಂತು ಮಿರ್ಚಿ ಭಜಿ ತಿನ್ನುವಾಗ ಬಾಣಲೆಯೊಳಗೆ ಒಮ್ಮೆ ಇಣುಕಲಿ. ಹತ್ತಿಕಾಳಿನ ಎಣ್ಣೆ ದೇಶದ ಅಡುಗೆ ಎಣ್ಣೆಗಳಲ್ಲೊಂದು, ಇಂದು ಬೆಳೆಯುವ ಹತ್ತಿಯ ಬಹುಪಾಲು ಬಿಟಿ. ಹಿಂಡಿ ಎಮ್ಮೆಗೆ ಹೋಗುತ್ತದೆ. ಆರ್ಜೆಂಟೀನಾ, ಬ್ರೆಜಿಲ್ಲಿನಿಂದ ಬರುವ ಸೋಯಾ ಎಣ್ಣೆಯೂ ಕುಲಾಂತರಿ ಸೋಯಾದ್ದೇ. ಸೋಸಿದ ಎಣ್ಣೆಯಲ್ಲಿ ಪ್ರೋಟೀನು ಉಳಿಯುವುದಿಲ್ಲವೆಂಬ ವಿಜ್ಞಾನಿಗಳ ಮಾತನ್ನು ನಾನು ನಂಬುತ್ತೇನೆ, ಭಜಿಯನ್ನೂ ಬಿಟ್ಟಿಲ್ಲ. ಆದರೆ ಕುಲಾಂತರಿ ಆಹಾರದ ಪೊಟ್ಟಣದ ಮೇಲೆ ಜಿಎಂ ಎಂದು ಬರೆಯಬೇಕೆಂಬ ನಿಯಮ 2013ರ ಜನವರಿ 1ರಿಂದ ಬಂತು. ನಮ್ಮೂರ ಕಿರಾಣಿ ಅಂಗಡಿಯಲ್ಲಿ ಆ ಎರಡಕ್ಷರ ಕಂಡವರಿದ್ದರೆ ನನಗೊಂದು ಕಾಗದ ಬರೆಯಿರಿ.

ಬದನೆಕಾಯಿಯದು ಇನ್ನೂ ಸೊಗಸು. ಮಹಿಕೋ ಜೊತೆ ಸೇರಿ ಧಾರವಾಡದ ವಿಶ್ವವಿದ್ಯಾಲಯ ಬಿಟಿ ಗುಣ ತುಂಬಿದ ಬದನೆಗಳಲ್ಲಿ ಮಾಲಾಪುರದ್ದು, ಕುಡಚಿಯದು, ಉಡುಪಿಯ ಗುಳ್ಳ, ಮಂಜರಿ ಗೋಟಾ ಎಲ್ಲ ಇದ್ದವು. ತಲೆಮಾರುಗಳಿಂದ ಇವನ್ನು ಕಾಪಾಡಿದ ಊರವರನ್ನು, ಜೀವವೈವಿಧ್ಯ ಮಂಡಳಿಯನ್ನು ಕೇಳದೆಯೇ ತೆಗೆದುಕೊಂಡರೆಂಬ ದೂರು 2010ರಲ್ಲಿ ಹೋಯಿತು, 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ಮುಂದಾಯಿತು. ಬಿಟಿ ಬದನೆ ಪೇಟೆಗೆ ಬರಲಿಲ್ಲ. 2010ರ ಫೆಬ್ರುವರಿಯಲ್ಲಿ ಆಗಿನ ಸಚಿವ ಜೈರಾಮ್ ರಮೇಶ್ ಏಳು ಊರುಗಳಲ್ಲಿ, ಬೆಂಗಳೂರಿನಲ್ಲೂ, ಜನರ ಬೈಗುಳ ಕೇಳಿ ತಡೆ ಹಾಕಿದರು. ಹತ್ತಿಗೆ ಅಂಥ ಒಂದು ಸಭೆ ಆಗಿದ್ದರೆ!

ಈಗ ಮುಂದಿನ ಬೆಳೆ ಬರುತ್ತಿದೆ. ಕುಲಾಂತರಿ ಸಾಸಿವೆ ಸುಪ್ರೀಂ ಕೋರ್ಟಿನಲ್ಲಿದೆ. 2024ರ ಜುಲೈನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಬರೆದರು, ಕುಲಾಂತರಿ ಬೆಳೆಗೆ ಒಂದು ರಾಷ್ಟ್ರೀಯ ನೀತಿ ಮಾಡಿ ಅನ್ನುವಲ್ಲಿ ಒಂದಾದರು. ಆ ನೀತಿಗೆ ಕಾಯದೆ ಕಳೆನಾಶಕ ತಡೆಯುವ ಹತ್ತಿ ಹೆಸರಿಲ್ಲದ ಪಾಕೀಟುಗಳಲ್ಲಿ, ಒಪ್ಪಿಗೆ ಇಲ್ಲದೆ, ರಶೀದಿ ಇಲ್ಲದೆ ಹಳ್ಳಿ ಸೇರುತ್ತಿದೆ. ಬಿತ್ತಿ ಮೇಲೆ ಗ್ಲೈಫೋಸೇಟ್ ಹೊಡೆದರೆ ಹತ್ತಿ ಬಿಟ್ಟು ಹಸಿರಾದದ್ದೆಲ್ಲ ಸಾಯುತ್ತದೆ. ಹಸಿರಾದದ್ದು ಅಂದರೆ ಉಳ್ಳಾಗಡ್ಡಿ, ಮೆಣಸಿನ ಗಿಡ, ಬದುವಿನ ಹತ್ತರಕಿ ಸೊಪ್ಪು, ಕಳೆ ತೆಗೆದು ದಿನದ ಕೂಲಿ ಒಯ್ಯುತ್ತಿದ್ದ ಹೆಣ್ಣುಮಕ್ಕಳ ಅನ್ನ. "ಆಳು ಸಿಗಂಗಿಲ್ಲ, ಏನ್ಮಾಡೂಣು?" ಅನ್ನುವ ರೈತನ ಮಾತಿನಲ್ಲಿ ಹುರುಳಿದೆ, ನಾನೂ ಅದನ್ನೇ ಅನ್ನುತ್ತೇನೆ. ಅವನಿಗೆ ಕದ್ದ ಪಾಕೀಟು ಕೊಟ್ಟು, ಸಿಕ್ಕಿಬಿದ್ದರೆ ಅವನನ್ನೇ ಹಿಡಿಯುವವರ ಮಾತಿಗೆ ಏನನ್ನುವುದು?

ಹೋದ ಮಾಘದಲ್ಲಿ ಕಟಗಿ ಕಿತ್ತು ಒಟ್ಟುವಾಗ ನನ್ನ ಅಂಗಿಯ ಕಿಸೆಗೆ ಒಂದು ಹಿಡಿ ಜೋಡಿಬೀಜ ಹಾಕಿಕೊಂಡೆ. ಮನೆಗೆ ಬಂದು ಗಾಜಿನ ಶೀಸೆಯಲ್ಲಿಟ್ಟು, ಬಾಯಿಗೆ ಅರಿವೆ ಕಟ್ಟಿದ್ದೇನೆ. ಆಗಾಗ ಒಂದನ್ನು ಒಡೆದು ನೋಡುತ್ತೇನೆ, ಹುಳ ಮಿಸುಕುತ್ತದೆ. ಜುಲೈ 21ಕ್ಕೆ ನರಗುಂದದ ವೀರಗಲ್ಲಿಗೆ ಹಾರ ಹಾಕಲು ಎಲ್ಲ ಪಕ್ಷದವರೂ ಬರುತ್ತಾರೆ, ಹಸಿರು ಶಾಲು ಹೊದ್ದು, ಕೈ ಮುಗಿದು, ಫೋಟೋಕ್ಕೆ ನಿಂತು. ಶೀಸೆ ಹಿಡಿದು ನಾನೂ ಆ ಸಾಲಿನಲ್ಲಿ ನಿಲ್ಲುವವನಿದ್ದೇನೆ. ಹಾರ ಹಾಕಿ ಕೆಳಗಿಳಿದವರ ಅಂಗೈಗೆ ಒಂದೊಂದು ಜೋಡಿಬೀಜ ಇಟ್ಟು, "ಒಡೀರಿ ಸಾಹೇಬ್ರ, ನಿಮ್ಮ ಕೈಯಾರೆ ಒಡೀರಿ" ಅನ್ನುತ್ತೇನೆ.